ಮಾಮನ ಐದು ನಿಮಿಷದ ಮಾತು

ಪುಸ್ತಕ ಹರಿಶ್ಚಂದ್ರನಿಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎನ್ನುವುದು ಮರ್ಯಾದೆಯ ಮಾತಾಯಿತು. ನಲವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅದನ್ನು ಗಲ್ಲೆಪೆಟ್ಟಿಗೆಯ ಪಕ್ಕಕ್ಕೆ ಒಗೆದು, ಕೇಳಲು ಯಾರೂ ಇಲ್ಲದಿದ್ದರೂ ಥೂ ಎಂದುಬಿಟ್ಟ. ಪುಣೆಯ ವಿಮಾನ ನಗರದ ಅವನ ಹೋಟೆಲಿನಲ್ಲಿ ಆಗ ಮಧ್ಯಾಹ್ನ ಮೂರೂವರೆ. ಊಟದವರು ಕೈತೊಳೆದು ಹೋಗಿದ್ದರು, ಸಂಜೆಯ ತಿಂಡಿಯವರು ಇನ್ನೂ ಬಂದಿರಲಿಲ್ಲ, ಒಳಗೆ ಗ್ರೈಂಡರ್ ಒಂದೇ ಗರಗರ ಅನ್ನುತ್ತಿತ್ತು. ಮೂವತ್ತು ವರ್ಷದಿಂದ ಅವನು ಏನಾದರೂ ಓದುವುದಿದ್ದರೆ ಈ ಒಂದು ಗಂಟೆಯಲ್ಲೇ.

ಬರೆದವನು ಯಾರೋ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಬರೆದವನು ಅಶ್ವಿತ್, ತಂಗಿ ಪಂಕಜಾಕ್ಷಿಯ ಒಬ್ಬನೇ ಮಗ. ಮದುವೆಯಾಗದ ಹರಿಶ್ಚಂದ್ರನಿಗೆ ಮಗ ಅಂದರೂ ಅವನೇ, ಮುಂದೆ ಹೋಟೆಲಿಗೆ ದಿಕ್ಕು ಅಂದರೂ ಅವನೇ. ಕರಾವಳಿಯ ಅಳಿಯಕಟ್ಟಿನ ಮನೆತನ ಅವರದು. ಕಾಗದಪತ್ರದಲ್ಲಿ ಆ ಪದ್ಧತಿ ಎಂದೋ ಮುಗಿದಿದೆ, ಮನೆಯೊಳಗೆ ಮುಗಿದಿಲ್ಲ. ತಂಗಿಯ ಮಕ್ಕಳ ವಿಷಯದಲ್ಲಿ ಸೋದರಮಾವ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅಪ್ಪನಾದವನು ಬಂದವರ ಊಟ ತಿಂಡಿ ನೋಡಿಕೊಂಡರೆ ಸಾಕು. ಪಂಕಜಾಕ್ಷಿಯ ಗಂಡ ತೀರಿಕೊಂಡ ಮೇಲಂತೂ ಅವಳು ಮಗನಿಗೆ ಸೈಕಲ್ ಕೊಡಿಸುವುದಕ್ಕೂ ಅಣ್ಣನನ್ನು ಕೇಳುತ್ತಿದ್ದಳು.

ಪುಣೆಯಲ್ಲೇ ಹುಟ್ಟಿ ಮರಾಠಿ ಮಾತಾಡಿಕೊಂಡು ಬೆಳೆದ ಹುಡುಗನಿಗೆ ಕನ್ನಡ ಓದಲು ಕಲಿಸಿದ್ದೂ ಮಾಮನೇ. ಕಲಿಸಿದ್ದು ‘ಕಡವಿನಾಚೆ’ ಎಂಬ ಹಳೆಯ ಕಾದಂಬರಿ ಹಿಡಿಸಿ. ಊರಿನ ಮೇಷ್ಟ್ರೊಬ್ಬರು ಅರವತ್ತು ವರ್ಷದ ಹಿಂದೆ ಬರೆದದ್ದು, ಆ ಕಡೆಯವರ ಮನೆಮನೆಯಲ್ಲೂ ಇದ್ದದ್ದು. ದೋಣಿ ದಾಟಿಸುವ ಅಂಬಿಗರ ಗೌರಿ, ದೊಡ್ಡಮನೆಯ ವಸಂತ. ನೆರೆ ಏರುವುದರೊಳಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದ ವಸಂತ ಹಿರಿಯರ ಮಾತಿಗೆ ತಲೆಬಾಗಿ ಮನೆಯಲ್ಲೇ ಕೂರುತ್ತಾನೆ. ಗೌರಿ ಮೂರು ದಿನ ಕಾದು, ಕೆಂಪಗೆ ಉಕ್ಕುವ ಹೊಳೆಗೆ ಒಬ್ಬಳೇ ದೋಣಿ ಇಳಿಸುತ್ತಾಳೆ. ಅಷ್ಟೇ ಕಥೆ. ಓದಿದವರ ಎದೆ ವಾರಗಟ್ಟಲೆ ಭಾರವಾಗಿರುತ್ತಿತ್ತು.

ಈಗ ಅಶ್ವಿತ್ ಅದನ್ನೇ ಈ ಕಾಲಕ್ಕೆ ತಂದು ಹೊಸದಾಗಿ ಬರೆದಿದ್ದ. ಗೌರಿಯನ್ನು ಗೌರವ್ ಮಾಡಿದ್ದ. ಇಬ್ಬರು ಗಂಡುಹುಡುಗರ ಪ್ರೀತಿ.

ಹರಿಶ್ಚಂದ್ರನಿಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಅದಕ್ಕೆ ಮೂಗು ಮುರಿಯುವ ಹಕ್ಕು ಅವನಿಗಿರಲಿಲ್ಲ, ಯಾಕೆಂದು ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ. ಸಿಟ್ಟು ಬಂದದ್ದು ಆ ಪುಸ್ತಕದಲ್ಲಿ ಯಾರಿಗೂ ಯಾವುದಕ್ಕೂ ಹೆದರಿಕೆಯೇ ಇರಲಿಲ್ಲವಲ್ಲ, ಅದಕ್ಕೆ. ಗೌರವ್‌ಗೆ ದೋಣಿಯೂ ಇಲ್ಲ ಹೊಳೆಯೂ ಇಲ್ಲ, ಅವನದೊಂದು ಕಾಫಿ ಅಂಗಡಿ. ನಲವತ್ತು ಪುಟದೊಳಗೆ ಹನ್ನೊಂದು ಸಲ ಕಾಫಿ ಕುಡಿಯುತ್ತಾರೆ, ಕುಡಿದ ಲೋಟ ಯಾರು ತೊಳೆದರೋ ದೇವರೇ ಬಲ್ಲ. ಯಾರೂ ಬೆವರುವುದಿಲ್ಲ, ಯಾರೂ ಬಾಗಿಲ ಚಿಲಕ ಎರಡು ಸಲ ನೋಡುವುದಿಲ್ಲ. ಒಗೆದದ್ದನ್ನು ಮತ್ತೆ ಎತ್ತಿ ಕೊನೆಯ ಪುಟಗಳನ್ನು ತಿರುವಿದರೆ, ನೆರೆಯ ಬದಲು ವಿಮಾನ ಎರಡು ಗಂಟೆ ತಡ. ಕೊನೆಗೆ ಏರ್‌ಪೋರ್ಟಿನಲ್ಲಿ ವಸಂತನ ಅಮ್ಮ ಡಬ್ಬಿ ತುಂಬಾ ಹೋಳಿಗೆ ಹಿಡಿದುಕೊಂಡು ಬಂದು ಇಬ್ಬರನ್ನೂ ತಬ್ಬಿಕೊಳ್ಳುತ್ತಾಳೆ. ಹೋಳಿಗೆ, ಕರ್ಮ!

ಪುಸ್ತಕ ತಂದುಕೊಟ್ಟ ಗುರುವಾರ ಅಶ್ವಿತ್ ಗಲ್ಲೆಯ ಎದುರಿನ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನೀರಿನ ಲೋಟ ತಿರುಗಿಸುತ್ತಿದ್ದ. ಭಾನುವಾರ ಕನ್ನಡ ಸಂಘದ ಹಾಲಿನಲ್ಲಿ ಬಿಡುಗಡೆ, ಮಾಮ ಐದು ನಿಮಿಷ ಮಾತಾಡಬೇಕು ಎಂದ. ಆಮೇಲೆ ತಲೆಯೆತ್ತದೆ ಹೇಳಿದ.

“ಮಾಮ, ಅದು ಬರೀ ಕಥೆ ಅಲ್ಲ.”

ಖರಾಡಿಯ ಫ್ಲ್ಯಾಟಿನಲ್ಲಿ ಅವನ ಜೊತೆಗಿದ್ದ ಮಂಡ್ಯ ಕಡೆಯ ಚಲುವರಾಜು ಎಲ್ಲರೂ ಅಂದುಕೊಂಡ ಹಾಗೆ ಬರೀ ರೂಮ್‌ಮೇಟ್ ಆಗಿರಲಿಲ್ಲ. ಎರಡು ವರ್ಷವಾಯಿತಂತೆ. ಇತ್ತ ಪಂಕಜಾಕ್ಷಿ ಮುಂಬೈ ಪಕ್ಕದ ಠಾಣೆಯ ಹೋಟೆಲಿನವರ ಮಗಳು ಯಶ್ಮಿತಾಳ ಜಾತಕ ತರಿಸಿಕೊಂಡು ಕೂತಿದ್ದಳು. ತಾಯಿಗೆ ಹೇಳಲು ಅಶ್ವಿತ್ ಆರು ತಿಂಗಳಿಂದ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ.

“ಅಮ್ಮ ನಿಮ್ಮ ಮಾತು ಮೀರುವುದಿಲ್ಲ. ಸ್ಟೇಜ್ ಮೇಲೆ ನಿಂತು ಪುಸ್ತಕ ಒಳ್ಳೇದುಂಟು ಅಂತ ನೀವು ಹೇಳಿದ್ರೆ ಸಾಕು. ಉಳಿದದ್ದು ಅವತ್ತೇ ನಾನು ಅಮ್ಮನಿಗೆ ಹೇಳ್ತೇನೆ.”

ಹರಿಶ್ಚಂದ್ರನಿಗೆ ಹುಡುಗನ ತಲೆ ನೇವರಿಸಬೇಕು ಅನ್ನಿಸಿತು, ನನಗೂ ಗೊತ್ತುಂಟು ಮಗಾ ಎನ್ನಬೇಕು ಅನ್ನಿಸಿತು. ಐವತ್ತೇಳು ವರ್ಷದ ಬಾಯಿಂದ ಹೊರಬಿದ್ದದ್ದು ಮಾತ್ರ ಹೋಟೆಲಿನವನ ಮಾತೇ, ಊಟ ಆಯಿತಾ ಎಂದು ಕೇಳಿದ. ಆಮೇಲೆ, ಹೇಳುವ, ಅದಕ್ಕೆಂತ, ಎಂದ. ಅಶ್ವಿತ್ ಕಣ್ಣೊರೆಸಿಕೊಂಡು ಎರಡು ಬನ್ಸ್ ತಿಂದು ಹೋದ.

ಅವನು ಅಷ್ಟು ನಂಬಿ ಹೋಗಿದ್ದ. ಪುಸ್ತಕ ಓದದೆ ಹೊಗಳುವ ಜನ ಊರ ತುಂಬಾ ಇದ್ದಾರೆ, ಹರಿಶ್ಚಂದ್ರನೂ ಹಾಗೆ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಓದಿದ. ಓದಿದ್ದೇ ತಡ, ಇಪ್ಪತ್ತೇಳು ವರ್ಷ ಮುಚ್ಚಿಟ್ಟದ್ದೆಲ್ಲ ಮೇಲೆ ಬಂತು.

ಆಗ ವಿಮಾನ ನಗರದಲ್ಲಿ ಬಿಲ್ಡಿಂಗುಗಳು ಏಳುತ್ತಿದ್ದ ಕಾಲ. ಯಾದಗಿರಿ ಕಡೆಯ ಗುರಣ್ಣ ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಬಡಿಯುವುದು ಅವನ ಕೆಲಸ. ಸಿಮೆಂಟು ಮೆತ್ತಿದ ಬಟ್ಟೆಯಲ್ಲಿ ಎಲ್ಲರ ನಡುವೆ ಕೂರಲು ನಾಚಿಕೆಪಟ್ಟು, ಹೋಟೆಲು ಖಾಲಿಯಿರುವ ಹೊತ್ತು ನೋಡಿ ಬರುತ್ತಿದ್ದ. ಗಲ್ಲೆಯ ಮೇಲೆ ಹರಿಶ್ಚಂದ್ರ ‘ಕಡವಿನಾಚೆ’ ಓದುತ್ತಿದ್ದ. ಏನ್ ಓದ್ಲಕತ್ತೀರಿ, ನಮಗೂ ಒಂದಿಷ್ಟ್ ಹೇಳ್ರಲ್ಲ, ಎಂದ ಗುರಣ್ಣ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಹರಿಶ್ಚಂದ್ರ ಗಟ್ಟಿಯಾಗಿ ಓದತೊಡಗಿದ. ದಿನಕ್ಕೊಂದು ಅಧ್ಯಾಯ, ಒಂದು ಚಾ, ಕೆಲವು ದಿನ ಓದು ಮುಗಿದ ಮೇಲೂ ಗುರಣ್ಣ ಏಳುತ್ತಿರಲಿಲ್ಲ.

ಅದಕ್ಕೆ ಏನು ಹೆಸರು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಹೆಸರು ಬೇಕೂ ಇರಲಿಲ್ಲ. ಪ್ರೀತಿ, ಮತ್ತೇನು? ಎರಡು ವರ್ಷ ಹರಿಶ್ಚಂದ್ರ ಬದುಕಿದ, ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ಜನರಿದ್ದಾಗ ಶೇಟ್ರ ಎನ್ನುತ್ತಿದ್ದ ಗುರಣ್ಣ ಇಬ್ಬರೇ ಇದ್ದಾಗ ಹರಿ ಎನ್ನುತ್ತಿದ್ದ. ಹಾಗೆ ಅವನನ್ನು ಕರೆದವರು ಬೇರೆ ಯಾರೂ ಇಲ್ಲ.

ಒಂದು ದಿನ ಗುರಣ್ಣನ ತಾಯಿ ಶಿವಗಂಗವ್ವ ಊರಿಂದ ಬಂದಳು. ಮಗನನ್ನು ಹಿಂದೆ ನಿಲ್ಲಿಸಿಕೊಂಡು ನೇರ ಗಲ್ಲೆಯ ಮುಂದೆ ನಿಂತಳು.

“ನಿಮ್ಮ ಮಾತಂದ್ರ ಅಂವಗ ದೇವರ ಮಾತು ಇದ್ದಂಗ್ರಿ. ಹೆಣ್ಣು ನೋಡೀನಿ, ಒಲ್ಲೆ ಅಂತಾನ. ಮದಿವಿ ಮಾಡ್ಕೊ ಅಂತ ಒಂದ್ ಮಾತು ನೀವು ಹೇಳ್ರಿ.”

ಗುರಣ್ಣ ಅವನನ್ನೇ ನೋಡುತ್ತಿದ್ದ. ಇಲ್ಲ ಎನ್ನು ಎಂದು ಆ ಕಣ್ಣು ಬೇಡುತ್ತಿತ್ತು. ಹರಿಶ್ಚಂದ್ರನಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಭಟ್ಟರು ಕಂಡರು, ಎದುರಿನ ಪಾನ್ ಅಂಗಡಿಯವನು ಕಂಡ, ಆಗಿನ್ನೂ ಬದುಕಿದ್ದ ತನ್ನ ಸೋದರಮಾವನ ಮುಖ ಕಂಡಿತು. ಮಾಡಿಕೋ ಗುರಣ್ಣ, ಅವ್ವನಿಗೂ ವಯಸ್ಸಾಯಿತು, ಎಂದುಬಿಟ್ಟ.

“ಆಯ್ತ್ರಿ ಶೇಟ್ರ,” ಎಂದ ಗುರಣ್ಣ.

ಮಾರನೇ ದಿನ ಸ್ವಾರಗೇಟದಿಂದ ಬಸ್ಸು ಹತ್ತಿ ಹೋದ. ಹರಿಶ್ಚಂದ್ರ ಕಳಿಸಲಿಕ್ಕೂ ಹೋಗಲಿಲ್ಲ. ಮದುವೆ ಮಾಡಿಕೊಂಡು, ಹೆಂಡತಿಯನ್ನು ಕರೆದುಕೊಂಡು ಮತ್ತೆ ಇಲ್ಲಿಗೇ ಕೆಲಸಕ್ಕೆ ಬಂದ ಗುರಣ್ಣ ಹೋಟೆಲಿನ ಕಡೆ ತಲೆಹಾಕಲಿಲ್ಲ. ಬಂದ ನಲವತ್ತನೇ ದಿನ ಎರಡು ಬೀದಿ ಆಚೆ ಏಳನೇ ಮಾಳಿಗೆಯಿಂದ ಬಿದ್ದ. ಕಾಲು ಜಾರಿತು ಎಂದರು. ಹಲಗೆಯ ಮೇಲೆ ಕಣ್ಣು ಮುಚ್ಚಿಯೂ ನಡೆಯಬಲ್ಲವನು ಅವನು. ಹೆಣ ಊರಿಗೆ ಒಯ್ಯುವ ಮುಂಚೆ ಶಿವಗಂಗವ್ವ ಹೋಟೆಲಿಗೆ ಬಂದು ಹರಿಶ್ಚಂದ್ರನ ಕಾಲು ಹಿಡಿದು, ನಿಮ್ಮ ಮಾತು ನಡೆಸಿ ಹೋದನ್ರಿ ನನ್ನ ಮಗ, ಎಂದು ಅತ್ತಳು. ಅವತ್ತು ಅವಳ ಕೈಯಿಂದ ಕಾಲು ಬಿಡಿಸಿಕೊಂಡದ್ದು ಹೇಗೆಂದು ಅವನಿಗೆ ಇವತ್ತಿಗೂ ನೆನಪಿಲ್ಲ.

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವನ ಕೈಗೆ ಹೋಳಿಗೆಯ ಡಬ್ಬಿ ಕೊಟ್ಟರೆ ಏನಾಗಬೇಕು?

ಆದರೂ ಭಾನುವಾರ ಅವನು ಒಳ್ಳೆಯದನ್ನೇ ಹೇಳಬೇಕೆಂದು ಹೊರಟಿದ್ದ, ಅದು ಸತ್ಯ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ, ಹೇಳಬೇಕಾದ ನಾಲ್ಕು ಮಾತು ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಂಡಿದ್ದ. ಪಂಕಜಾಕ್ಷಿ ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ಮಗ ಏನೋ ಲವ್ ಸ್ಟೋರಿ ಬರೆದಿದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತು. ಚಲುವರಾಜು ಬಾಗಿಲ ಬಳಿ ಪುಸ್ತಕದ ಟೇಬಲ್ ನೋಡಿಕೊಳ್ಳುತ್ತಿದ್ದ.

ಮೊದಲು ಎದ್ದವರು ನಿವೃತ್ತ ಪ್ರೊಫೆಸರ್ ಪ್ರಲ್ಹಾದ. ಅವರು ಇಡೀ ಕಥೆ ಬಿಡಿಸಿ ಹೇಳಿದರು. ಇಬ್ಬರು ಯುವಕರ ಪ್ರೇಮ ಎಂದಾಗ ಪಂಕಜಾಕ್ಷಿ ಮಗನ ಕಡೆ ತಿರುಗಿದಳು, ಆಮೇಲೆ ಬಾಗಿಲ ಬಳಿ ನಿಂತ ಚಲುವರಾಜುವಿನ ಕಡೆ. ಅವಳ ಮುಖದ ರಕ್ತ ಇಳಿದುಹೋಯಿತು. ಪ್ರೊಫೆಸರು ಮುಂದುವರಿಸಿದರು: ಹಳೆಯ ಲೇಖಕರ ಕ್ರೌರ್ಯವನ್ನು ಈ ಹುಡುಗ ತಿದ್ದಿದ್ದಾನೆ, ಕೋರ್ಟೇ ತಪ್ಪಲ್ಲ ಎಂದಿದೆ, ಇನ್ನು ಇಂಥವರಿಗೆ ಹೊಳೆಯೂ ಇಲ್ಲ ನೆರೆಯೂ ಇಲ್ಲ. ಜನ ಚಪ್ಪಾಳೆ ತಟ್ಟಿದರು.

ಹೊಳೆಯೂ ಇಲ್ಲ ನೆರೆಯೂ ಇಲ್ಲ! ಹರಿಶ್ಚಂದ್ರನಿಗೆ ಮೈಯೆಲ್ಲ ಉರಿಯಿತು. ಏಳನೇ ಮಾಳಿಗೆಯಿಂದ ಬಿದ್ದವನು ಸುಮ್ಮನೆ ಬಿದ್ದನೋ ಹಾಗಾದರೆ? ಮೈಕಿನ ಮುಂದೆ ನಿಂತಾಗ ಬಿಲ್ಲಿನ ಚೀಟಿ ಕಿಸೆಯಲ್ಲೇ ಉಳಿಯಿತು.

“ಅಳಿಯ ಬರೆದದ್ದು ಅಂತ ನಾನು ಸುಳ್ಳು ಹೇಳುವುದಿಲ್ಲ. ಈ ಪುಸ್ತಕ ಸುಳ್ಳು. ಇಂಥವರ ಕಥೆ ಹೀಗೆ ಮುಗಿಯುವುದಿಲ್ಲ. ಯಾವ ತಾಯಿಯೂ ಹೋಳಿಗೆ ತರುವುದಿಲ್ಲ. ಹಳೇ ಮೇಷ್ಟ್ರು ಮುಳುಗಿಸಿದ್ದೇ ಸರಿ.”

ಐದು ನಿಮಿಷವೂ ಬೇಕಾಗಲಿಲ್ಲ. ಗುರಣ್ಣನ ಪರವಾಗಿ ಕೊನೆಗೂ ಒಂದು ಸತ್ಯ ಹೇಳಿದೆ ಎಂಬ ಹೆಮ್ಮೆಯಲ್ಲಿ ಅವನು ಕೆಳಗಿಳಿದ. ಎದುರಿಗೆ ಪಂಕಜಾಕ್ಷಿಯ ಕಣ್ಣಲ್ಲಿ ನೀರು ತುಂಬಿತ್ತು, ಅಣ್ಣನಿಗೆ ಕೂತಲ್ಲಿಂದಲೇ ಕೈಮುಗಿದಳು. ಅಶ್ವಿತ್ ನೆಲ ನೋಡುತ್ತಿದ್ದ. ಚಲುವರಾಜು ಒಬ್ಬನೇ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ಹಿಂದಕ್ಕೆ ತುಂಬತೊಡಗಿದ್ದ. ಹರಿಶ್ಚಂದ್ರನಿಗೆ ಆಗಲೂ ತಲೆಗೆ ಹೋಗಲಿಲ್ಲ. ತಾನು ಪುಸ್ತಕದ ಬಗ್ಗೆ ಮಾತಾಡಿದೆ ಅಂದುಕೊಂಡಿದ್ದ. ಆದರೆ ಆ ಮನೆಯಲ್ಲಿ ಸೋದರಮಾವ ನಾಲ್ಕು ಜನರ ಮುಂದೆ ಬಾಯಿಬಿಟ್ಟರೆ ಅದು ಹುಡುಗನ ಬಗ್ಗೆ ಕೊಟ್ಟ ತೀರ್ಮಾನ. ಬೇರೆಯವರು ವಿಮರ್ಶೆ ಕೇಳಿ ಮನೆಗೆ ಹೋದರು, ತಾಯಿ ಮಗ ತೀರ್ಪು ಕೇಳಿ ಹೋದರು.

ಮೂರು ದಿನ ಅಶ್ವಿತ್ ಫೋನ್ ಎತ್ತಲಿಲ್ಲ. ನಾಲ್ಕನೇ ದಿನ ಪಂಕಜಾಕ್ಷಿ ಪೇಡೆಯ ಡಬ್ಬ ಹಿಡಿದುಕೊಂಡು ಹೋಟೆಲಿಗೆ ಬಂದಳು. ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಿದೆ ಅಣ್ಣ, ನಾನಾಗಿದ್ದರೆ ಅತ್ತು ಕರೆದು ಕೆಲಸ ಕೆಡಿಸುತ್ತಿದ್ದೆ, ಎಂದಳು. ಹುಡುಗ ಒಪ್ಪಿದ್ದನಂತೆ. ಯಶ್ಮಿತಾಳ ಮನೆಯವರಿಗೆ ಫೋನೂ ಹೋಗಿತ್ತು, ಬರುವ ಭಾನುವಾರ ನಿಶ್ಚಯ. ನಾನು ಹೇಳಿದ್ದು ಪುಸ್ತಕಕ್ಕೆ ಎಂದು ಹರಿಶ್ಚಂದ್ರ ತೊದಲಿದ. ಪುಸ್ತಕ ಯಾರಿಗೆ ಬೇಕು ಮಾರಾಯ ಎಂದು ಅವಳು ನಕ್ಕು, ಅವನ ಬಾಯಿಗೆ ಪೇಡೆ ಇಟ್ಟಳು.

ಅವಳು ಹೋದ ಮೇಲೆ ಅವನಿಗೆ ಇನ್ನೊಂದು ನೆನಪಾಯಿತು. ಇಷ್ಟು ದಿನ ಅದು ಎಲ್ಲಿ ಸತ್ತಿತ್ತೋ. ‘ಕಡವಿನಾಚೆ’ಯ ಕೊನೆಯ ಅಧ್ಯಾಯ ಕೇಳಿದ ಮೇಲೆ ಗುರಣ್ಣ ಎರಡು ದಿನ ಬಂದಿರಲಿಲ್ಲ. ಮೂರನೇ ದಿನ ಬಂದು, ಚಾ ಮುಟ್ಟದೆ, ಸಿಟ್ಟಿನಿಂದ ಕೇಳಿದ್ದ.

“ಬರದಾಂವನ ಕೈಯಾಗ ಪೆನ್ ಇತ್ತಲ್ಲ ಹರಿ. ಅಕಿನ್ನ ಬದುಕಿಸ್ಲಿಕ್ಕೆ ಏನ್ ಧಾಡಿ ಇತ್ತು ಅವಂಗ?”

ಅದನ್ನೇ ಅಲ್ಲವೇ ಅಶ್ವಿತ್ ಮಾಡಿದ್ದು? ಚೆನ್ನಾಗಿ ಮಾಡಿರಲಿಲ್ಲ, ಹಾಳು ಕಾಫಿ, ಹಾಳು ಹೋಳಿಗೆ, ಎಲ್ಲ ಸರಿ. ಆದರೆ ಪೆನ್ನು ಕೈಗೆ ಬಂದಾಗ ಬದುಕಿಸಿದ್ದ. ಗುರಣ್ಣ ಇದ್ದಿದ್ದರೆ ಆ ಕೆಟ್ಟ ಪುಸ್ತಕವನ್ನು ಇನ್ನೊಮ್ಮೆ ಓದು ಎಂದು ಹಟ ಹಿಡಿಯುತ್ತಿದ್ದ. ಹರಿಶ್ಚಂದ್ರ ಗಲ್ಲೆ ಬಿಟ್ಟು ಎದ್ದು, ರಿಕ್ಷಾ ಹಿಡಿದು ಖರಾಡಿಗೆ ಹೋದ.

ಬಾಗಿಲು ತೆರೆದದ್ದು ಚಲುವರಾಜು. ಒಳಗೆ ಅರ್ಧ ಕಪಾಟು ಖಾಲಿಯಾಗಿತ್ತು. ಅಶ್ವಿತ್ ಅಮ್ಮನ ಮನೆಗೆ ಶಿಫ್ಟ್ ಆದ ಎಂದು ಹೇಳಿ, ಬಂದವರನ್ನು ನಿಲ್ಲಿಸಬಾರದು ಎಂಬ ಮರ್ಯಾದೆಗೆ ಕೂರಲು ಕುರ್ಚಿ ಎಳೆದ. ಕಣ್ಣು ಊದಿಕೊಂಡಿತ್ತು.

“ಮಾಮ ಹೇಳಿದ್ದೇ ನಿಜ, ನಮ್ಮಂಥೋರ್ಗೆ ಆಗಲ್ಲ ಅಂದ ಅಂಕಲ್. ನಿಮ್ಮ ಮೇಲೆ ಬೇಜಾರೇನೂ ಇಲ್ಲ ಅವನಿಗೆ. ಅದನ್ನೂ ಹೇಳ್ದ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹರಿಶ್ಚಂದ್ರ ಎಳೆದಿಟ್ಟ ಕುರ್ಚಿಯಲ್ಲಿ ಕೂರದೆ ಬಂದ ಲಿಫ್ಟಿನಲ್ಲೇ ಇಳಿದುಹೋದ. ಆದರೆ ಇಳಿಯುವಾಗ ಒಂದು ನಿರ್ಧಾರ ಮಾಡಿದ. ನಿಶ್ಚಯದ ದಿನ ಎರಡೂ ಕಡೆಯ ಸೋದರಮಾವಂದಿರು ಎದುರುಬದುರು ಕೂತು ವೀಳ್ಯದ ಹರಿವಾಣ ಬದಲಾಯಿಸಿಕೊಂಡರೇ ಅವರಲ್ಲಿ ಮಾತು ಕಟ್ಟಿದ ಹಾಗೆ. ಮಾವ ಕೊಡದಿದ್ದರೆ ಸಂಬಂಧವಿಲ್ಲ. ಒಂದು ಮಾತಿನಿಂದ ಕೊಂದವನು ಇನ್ನೊಂದು ಮಾತಿನಿಂದ ಉಳಿಸಬಹುದು ಎಂದುಕೊಂಡ. ತಂಗಿಯ ಬಳಿ ಮೊದಲೇ ಹೇಳಿದರೆ ಅತ್ತು ತನ್ನನ್ನು ಕರಗಿಸುತ್ತಾಳೆ ಎಂಬ ಭಯಕ್ಕೆ ಅವತ್ತಿನವರೆಗೆ ಬಾಯಿಬಿಡಲಿಲ್ಲ.

ಸ್ವಾರಗೇಟದಲ್ಲಿ ಕಿರಿಯ ತಮ್ಮ ಸುಹಾಸನ ಹೋಟೆಲಿದೆ, ಅದರ ಮೇಲಿನ ಹಾಲಿನಲ್ಲಿ ನಿಶ್ಚಯ. ಠಾಣೆಯವರು ಎರಡು ಗಾಡಿಯಲ್ಲಿ ಬಂದಿದ್ದರು. ಯಶ್ಮಿತಾ ತಲೆತುಂಬ ಮಲ್ಲಿಗೆ ಮುಡಿದು, ಪಾಪ, ನಗುತ್ತಾ ಕೂತಿದ್ದಳು. ಅಶ್ವಿತ್ ಮುಖ ಬೋಳಿಸಿಕೊಂಡು, ಹೊಸ ಅಂಗಿ ತೊಟ್ಟು, ಕೇಳಿದವರಿಗೆಲ್ಲ ಉತ್ತರ ಕೊಡುತ್ತಿದ್ದ. ಹುಡುಗಿಯ ಸೋದರಮಾವ ಹರಿವಾಣ ಮುಂದೆ ಚಾಚಿದ. ಹರಿಶ್ಚಂದ್ರ ತನ್ನ ಹರಿವಾಣ ನೆಲದ ಮೇಲಿಟ್ಟ.

“ಇದು ನಾನು ಕೊಡುವುದಿಲ್ಲ,” ಎಂದ.

ಪಂಕಜಾಕ್ಷಿ ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು, ಏನಾಯಿತು ಅಣ್ಣ ಎಂದಳು.

“ಪಂಕು, ನಾನು ಯಾಕೆ ಮದುವೆ ಆಗಲಿಲ್ಲ ಗೊತ್ತುಂಟಾ ನಿನಗೆ?”

ಅವಳು ಬೆಚ್ಚಲಿಲ್ಲ. ಅವನಿಗಷ್ಟೇ ಕೇಳುವ ಹಾಗೆ, ಎಷ್ಟೋ ವರ್ಷದಿಂದ ಸಿದ್ಧವಾಗಿದ್ದ ಉತ್ತರ ಕೊಟ್ಟಳು.

“ಗೊತ್ತುಂಟು. ಆ ಕೆಲಸದವನು ಸತ್ತಾಗಲೇ ಗೊತ್ತಾಯ್ತು. ನಿನ್ನ ಹಾಗೆ ಇವನೂ ಆಗುವುದು ಬೇಡ ಅಂತಲೇ ಇದೆಲ್ಲ.”

ಎದ್ದು ನಿಂತು, ಅಣ್ಣನಿಗೆ ಬಿಪಿ ಜಾಸ್ತಿಯಾಗಿದೆ, ಬೆಳಿಗ್ಗೆಯಿಂದ ತಲೆಸುತ್ತು, ಎಂದು ಠಾಣೆಯವರಿಗೆ ಗಟ್ಟಿಯಾಗಿ ಹೇಳಿದಳು. ಸುಹಾಸ, ನೀನು ಬಾ, ನೀನೂ ಸೋದರಮಾವನೇ ಅಲ್ಲವಾ, ಎಂದಳು. ಸುಹಾಸ ಅಣ್ಣನ ಮುಖ ನೋಡಿದ, ಅಕ್ಕನ ಮುಖ ನೋಡಿದ, ಅವಳ ಕಣ್ಣಿಗೆ ಹೆದರಿ ಬಂದು ಕೂತ. ಹರಿವಾಣ ಎತ್ತಿ ಕೊಟ್ಟ, ಅವರದನ್ನು ತೆಗೆದುಕೊಂಡ. ಅರ್ಧ ನಿಮಿಷವೂ ಹಿಡಿಯಲಿಲ್ಲ. ದೇವರ ಮಾತು ಎಂದು ತಾಯಂದಿರು ಕೈಮುಗಿಯುತ್ತಿದ್ದ ಆ ಮಾತು ಅವರಿಗೆ ಬೇಕಾದದ್ದನ್ನು ಹೇಳುವವರೆಗೆ ಮಾತ್ರ ದೇವರದ್ದು ಎಂದು ಹರಿಶ್ಚಂದ್ರನಿಗೆ ಅವತ್ತು ಗೊತ್ತಾಯಿತು. ಇಪ್ಪತ್ತೇಳು ವರ್ಷದ ಹಿಂದೆ ಶಿವಗಂಗವ್ವನಿಗೆ ಇಲ್ಲ ಎಂದಿದ್ದರೂ ಆಕೆ ಬೇರೆ ಯಾರಿಂದಲೋ ಹೇಳಿಸುತ್ತಿದ್ದಳು. ಆದರೆ ಗುರಣ್ಣನಿಗಾದರೂ ಇವನು ಇಲ್ಲ ಎಂದದ್ದು ಕೇಳಿಸಿರುತ್ತಿತ್ತು.

ಉಂಗುರ ತೊಡಿಸಿದ ಮೇಲೆ ಅಶ್ವಿತ್ ಹಿರಿಯರ ಕಾಲು ಮುಟ್ಟಿಕೊಂಡು ಬಂದ. ಗೋಡೆಗೊರಗಿ ಕುರ್ಚಿಯಲ್ಲಿ ಕೂತ ಮಾಮನ ಮುಂದೆ ಬಗ್ಗಿದಾಗ ಹರಿಶ್ಚಂದ್ರ ಅವನ ಮಣಿಕಟ್ಟು ಹಿಡಿದುಕೊಂಡ.

“ಗುರಣ್ಣ ಅಂತ ಒಬ್ಬ ಇದ್ದ ಮಗಾ,” ಎಂದ.

ಇಪ್ಪತ್ತೇಳು ವರ್ಷದಲ್ಲಿ ಆ ಹೆಸರು ಮೊದಲ ಸಲ ಅವನ ಬಾಯಿಂದ ಹೊರಗೆ ಬಂದಿತ್ತು. ಅಶ್ವಿತ್ ಅವನನ್ನೇ ದಿಟ್ಟಿಸಿದ. ಏನೋ ಅರ್ಥವಾದ ಹಾಗೆ ಮುಖ ಒಂದು ಗಳಿಗೆ ಬದಲಾಯಿತು. ಹಿಂದಿನಿಂದ ಫೋಟೋದವನು, ಹುಡುಗ ಎಲ್ಲಿ, ಜೋಡಿ ಫೋಟೋ ಬಾಕಿಯಿದೆ ಎಂದು ಮರಾಠಿಯಲ್ಲಿ ಕೂಗುತ್ತಿದ್ದ. ಅಶ್ವಿತ್ ಮೆಲ್ಲಗೆ ಕೈ ಬಿಡಿಸಿಕೊಂಡ.

“ಆಮೇಲೆ ಹೇಳಿ, ಮಾಮ,” ಎಂದು ಹೇಳಿ, ಹೋಗಿ ಯಶ್ಮಿತಾಳ ಪಕ್ಕದಲ್ಲಿ ನಿಂತ.